ಇದರಲ್ಲಿ ನಿಮ್ಮದು ಯಾವುದು

ನಮ್ಮ ಊರಿನಲ್ಲಿ ಬಾಗಿಲಿಗೆ ಬಂದವರು ಯಾರೆಂದು ಇಣುಕಿ ನೋಡುವ ಅಭ್ಯಾಸ ಯಾರಿಗೂ ಇಲ್ಲ. ತಟ್ಟಿದ ಸದ್ದಿನಲ್ಲೇ ತಿಳಿಯುತ್ತದೆ. ನೇಕಾರ ತಟ್ಟಿದರೆ ಲಾಳಿ ಅತ್ತಿಂದಿತ್ತ ಓಡಿದ ಸದ್ದು ಬರುತ್ತದೆ. ಅಗಸರ ಹೆಂಗಸು ತಟ್ಟಿದರೆ ಒದ್ದೆ ಬಟ್ಟೆ ಕಲ್ಲಿಗೆ ಬಡಿದ ಸದ್ದು, ಸೂಲಗಿತ್ತಿ ತಟ್ಟಿದರೆ ಹಂಡೆಯ ನೀರು ಕಾದು ಸಣ್ಣಗೆ ಹಾಡುವ ಸದ್ದು. ಒಳಗಿನವರು ಒಲೆಯ ಮುಂದೆ ಕೂತಲ್ಲಿಂದಲೇ "ಇರವ್ವ, ಬಟ್ಟೆ ಗಂಟು ಕಟ್ಟಿಟ್ಟಿದೀನಿ" ಎಂದು ಉತ್ತರ ಕೊಟ್ಟು ಆಮೇಲೆ ನಿಧಾನವಾಗಿ ಏಳುತ್ತಾರೆ. ಬಾಗಿಲು ಮಾತ್ರ ಹಾಕಿಯೇ ಇರಬೇಕು. ತೆರೆದ ಬಾಗಿಲು ಸಾವಾದ ಮನೆಯ ಗುರುತು. ಬೀದಿಯಲ್ಲಿ ನಿಂತು ಹೆಸರು ಹಿಡಿದು ಕೂಗುವುದು ಜಗಳಕ್ಕೆ ಕರೆದ ಹಾಗೆ. ಹೀಗಾಗಿ ಕೈ ಬಿದ್ದಾಗ ಏಳುವ ಸದ್ದೇ ನಮ್ಮಲ್ಲಿ ಮನುಷ್ಯನ ಗುರುತು. ಕೆಲಸ ಹೋಗಿ ಬಹಳ ದಿನವಾದವರ ಕೈಯಿಂದ ಸದ್ದು ಹೋಗಿಬಿಡುತ್ತದೆ. ಅಂಥವರು ಬಾಗಿಲ ಮುಂದೆ ನಿಂತು ಕೆಮ್ಮುತ್ತಾರೆ. ನಮ್ಮ ಪಕ್ಕದ ಮನೆಯ ವಾಮನರಾಯರು ಒಂದು ಕಾಲಕ್ಕೆ ಊರಿನವರ ಅರ್ಜಿಗಳನ್ನೆಲ್ಲ ಬರೆದುಕೊಡುತ್ತಿದ್ದವರು, ಈಗ ಹನ್ನೆರಡು ವರ್ಷದಿಂದ ಕೆಮ್ಮುವವರು. ಸಂಜೆ ಅವರ ಕೆಮ್ಮು ಕೇಳಿದರೆ ದೀಪ ಹಚ್ಚುವ ಹೊತ್ತಾಯಿತೆಂದು ನನ್ನ ಹೆಂಡತಿ ಸರ್ವಮಂಗಳ ಬತ್ತಿ ಹೊಸೆಯಲು ಕೂರುತ್ತಿದ್ದಳು. ಅವರನ್ನು ಕಂಡು ನಾನು ಮರುಗುತ್ತಿದ್ದೆ. ಆದರೆ ಅದು ದೂರದ ಮರುಕ. ಮಳೆ ಬರುವಾಗ ಕಿಟಕಿಯೊಳಗೆ ನಿಂತು ದನವನ್ನು ನೋಡುವ ಹಾಗೆ.

ಏಕೆಂದರೆ ನಾನು ತಟ್ಟಿದರೆ ಒಂದು ಕಾರ್ಖಾನೆಯೇ ಬಾಗಿಲಿಗೆ ಬಂದು ನಿಂತಂತೆ ಆಗುತ್ತಿತ್ತು. ಇಪ್ಪತ್ತಾರು ವರ್ಷ ನಾನು ತಗಡಿನ ಟ್ರಂಕು ಮಾಡಿಸಿದವನು. ಮದುವೆಯಾಗಿ ಹೋಗುವ ಹೆಣ್ಣುಮಕ್ಕಳು, ಊರು ಬಿಟ್ಟು ಓದಲು ಹೋಗುವವರು, ಹಳೆ ಸೀರೆ ಎತ್ತಿಡುವ ಅಜ್ಜಿಯರು, ಎಲ್ಲರ ಮಂಚದ ಕೆಳಗೂ ನನ್ನ ಟ್ರಂಕು ಇರುತ್ತಿತ್ತು. ಕೈಕೆಳಗೆ ಏಳು ಜನ. ತಗಡು ಕತ್ತರಿಸುವ ಬುಡನ್ ಸಾಬ್, ಮೂಲೆ ಮಡಿಸುವವರು, ಮೊಳೆ ಬಡಿಯುವವರು, ಬೀಗದ ಪಟ್ಟಿ ಕೂರಿಸುವವನು, ಮುಚ್ಚಳದ ಮೇಲೆ ಗಿಣಿ ಕಮಲ ಬರೆಯುವ ದ್ಯಾವಮ್ಮ. ಯಾರಾದರೂ ಬರದ ದಿನ ಅವರ ಜಾಗದಲ್ಲಿ ನಾನೇ ಕೂರುತ್ತಿದ್ದೆ. ತಗಡು ತರಲು ಹೋದೆ, ಸಂತೆಯಲ್ಲಿ ಚೌಕಾಸಿ ಮಾಡಿದೆ, ಎತ್ತಿನ ಗಾಡಿಗೆ ಹೇರಿದೆ, ಇಬ್ಬರು ಜಗಳವಾಡಿದರೆ ಬಿಡಿಸಿದೆ. ನನ್ನ ಬೆರಳಿನ ಗೆಣ್ಣು ಬಾಗಿಲಿಗೆ ತಾಗಿದರೆ ಕತ್ತರಿಯ ಕಿರಿಕ್ಕು, ಸುತ್ತಿಗೆ, ಬೀಗದ ನಾಲಗೆ, ಕುಂಚ ತಗಡಿನ ಮೇಲೆ ಸವರಿದ ಮೆಲ್ಲನೆ ಸದ್ದು, ಎಲ್ಲ ಒಟ್ಟಿಗೆ ಏಳುತ್ತಿದ್ದವು. "ಟ್ರಂಕಿನ ಗಂಗಾಧರಯ್ಯನೋರು ಬಂದ್ರು, ಕುರ್ಚಿ ಹಾಕ್ರೋ" ಎಂದು ಒಳಗಿನಿಂದ ಕೇಳಿಸುತ್ತಿತ್ತು. ಸುಳ್ಳು ಏಕೆ ಹೇಳಲಿ, ಆ ಮಾತು ಕೇಳುವುದಕ್ಕೆಂದೇ ಒಂದೊಂದು ಸಲ ಎರಡು ಬಾರಿ ತಟ್ಟಿದ್ದೇನೆ.

ಆಮೇಲೆ ಚಕ್ರವಿರುವ ಬ್ಯಾಗುಗಳು ಬಂದವು. ಟ್ರಂಕುಗಳು ಮಾರಾಟವಾಗದೆ ಒಂದರ ಮೇಲೊಂದು ಸೂರು ಮುಟ್ಟಿದವು. ಒಂದು ಸೋಮವಾರ ಏಳು ಜನರನ್ನೂ ಕೂರಿಸಿ ಉಪ್ಪಿಟ್ಟು ಕಾಫಿ ಕೊಟ್ಟು, ಇನ್ನು ಆಗುವುದಿಲ್ಲ ಎಂದೆ. ಬುಡನ್ ಸಾಬ್ ತಟ್ಟೆ ತೊಳೆದಿಟ್ಟು, "ನೀವು ಸುಮ್ನೆ ಇರೋ ಆಸಾಮಿ ಅಲ್ಲ ಅಣ್ಣ. ನಿಮಗೆ ಗೊತ್ತಿಲ್ಲದ ಕೆಲ್ಸ ಯಾವ್ದೈತೆ? ಯಾರಾದ್ರೂ ಕಣ್ಣಿಗೊತ್ಕೊಂಡು ಕರೀತಾರೆ" ಎಂದರು. ನನಗೂ ಹಾಗೇ ಅನಿಸಿತ್ತು. ದ್ಯಾವಮ್ಮ ಮಾತ್ರ ಕುಂಚಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿ ನನ್ನ ಕೈಗೇ ಕೊಟ್ಟಳು. "ಇಟ್ಕೊಂಡಿರಣ್ಣ. ಮತ್ತೆ ಶುರು ಮಾಡ್ದಾಗ ಹುಡ್ಕಬಾರ್ದು" ಎಂದಳು. ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲ. ಗಂಡ ಸತ್ತ ವರ್ಷ ನನ್ನ ಕಾರ್ಖಾನೆಗೆ ಬಂದವಳು.

ಊರಿನಲ್ಲಿ ಕೆಲಸ ಕೇಳಲು ಹೋದರೆ ಕಾಗದ ಪತ್ರ ಕೇಳುವುದಿಲ್ಲ. ಯಜಮಾನರ ಮೇಜಿನ ಮೇಲೆ ಒಂದು ಹಲಸಿನ ಹಲಗೆ ಇರುತ್ತದೆ. ಬಂದವರು ಅದನ್ನು ಮೂರು ಸಲ ತಟ್ಟಬೇಕು. ಯಜಮಾನರು ಕಣ್ಣು ಮುಚ್ಚಿ ಕೇಳುತ್ತಾರೆ. ಅಷ್ಟೇ. ಇಪ್ಪತ್ತಾರು ವರ್ಷ ನನ್ನ ಮೇಜಿನ ಮೇಲೂ ಅಂಥದೊಂದು ಹಲಗೆ ಇತ್ತು. ಅದರ ಈಚೆ ಕೂತವನು ಆಚೆ ನಿಲ್ಲುವುದು ಎಂಥದೆಂದು ಗೊತ್ತಾದದ್ದು ಶಾಂತವೀರಪ್ಪನವರ ಎಣ್ಣೆ ಗಿರಣಿಯಲ್ಲಿ. ಶಾಂತವೀರಪ್ಪನವರು ನನ್ನ ವಾರಿಗೆಯವರೇ, ಒಂದೇ ಪಂಕ್ತಿಯಲ್ಲಿ ಕೂತು ಉಂಡವರು. ಎದ್ದು ನಿಂತು ಕೈ ಹಿಡಿದರು, ಮನೆಯ ಕ್ಷೇಮ ಕೇಳಿದರು. ಆಮೇಲೆ ಸಂಕೋಚದಿಂದಲೇ ಹಲಗೆಯನ್ನು ನನ್ನ ಕಡೆ ತಳ್ಳಿದರು. ನಾನು ತಟ್ಟಿದೆ. ಕೋಣೆಯ ತುಂಬ ನನ್ನ ಕಾರ್ಖಾನೆ ಎದ್ದು ನಿಂತಿತು. ಗಾಣದ ಹತ್ತಿರವಿದ್ದ ಆಳು ಕೆಲಸ ಬಿಟ್ಟು ಇಣುಕಿದ. ಶಾಂತವೀರಪ್ಪನವರು ಕಣ್ಣು ಮುಚ್ಚಿಕೊಂಡೇ ಬಹಳ ಹೊತ್ತು ಇದ್ದು, "ಭಾಳ ಚೆನ್ನಾಗೈತೆ ಗಂಗಾಧರಯ್ಯನೋರೆ. ಜಾತ್ರೆ ನಡೆದಂಗೈತೆ. ಆದ್ರೆ ಇದರಲ್ಲಿ ನಿಮ್ಮದು ಯಾವುದು?" ಎಂದರು.

"ಎಲ್ಲ ನನ್ನದೇ" ಎಂದೆ.

"ಅದು ಸರಿ. ಆದ್ರೆ ನಾನು ಒಂದು ಕೆಲಸಕ್ಕೆ ಒಬ್ಬರನ್ನ ಕರೀತೀನಿ. ಎಣ್ಣೆ ಅಳೆಯೋಕೆ ಅಳೆಯೋನು ಬೇಕು, ಡಬ್ಬ ಹೊರೋಕೆ ಹೊರೋನು ಬೇಕು. ನಿಮ್ಮನ್ನ ಎಲ್ಲಿ ಕೂರಿಸ್ಲಿ? ಆಮೇಲೆ ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ನೀವು ಆಳಿದ ಕೈ. ಬೆಳಿಗ್ಗೆ ನಾನು 'ಇದನ್ನ ಎತ್ತಿಡಯ್ಯಾ' ಅಂದ್ರೆ ನಿಮಗೂ ಕಷ್ಟ, ನನಗೂ ಕಷ್ಟ." ನಾನು ಕಷ್ಟವಿಲ್ಲ ಎಂದೆ. ಅವರು ನಂಬಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೂ ನಂಬುತ್ತಿರಲಿಲ್ಲ.

ಬಸ್ಸಿಗೆ ತಗಡಿನ ಮೈ ಕಟ್ಟುವ ಶೆಡ್ಡಿನವರೂ ಅದನ್ನೇ ಕೇಳಿದರು. ಆದರೆ ಅವರು ಕಿವಿಯನ್ನು ಹಲಗೆಯ ಹತ್ತಿರ ತಂದು, "ಇದರೊಳಗೆ ಕತ್ತರಿ ಕೇಳುತ್ತಲ್ಲ, ಅದು ಯಾರ್ದು? ಅಂಥ ಕೈ ನಮಗೆ ಬೇಕಿತ್ತು" ಎಂದರು. ನಾನು ಹೆಮ್ಮೆಯಿಂದ, "ಅದು ನಮ್ಮ ಬುಡನ್ ಸಾಬ್ದು. ನಾಳೆನೇ ಕಳಿಸ್ತೀನಿ" ಎಂದೆ. ಕಳಿಸಿದೆ. ಬುಡನ್ ಸಾಬರಿಗೆ ಕೆಲಸವಾಯಿತು. ಮಾರನೆಯ ಸಂಜೆ ನಾನು ಮನೆಯ ಬಾಗಿಲು ತಟ್ಟಿದಾಗ ಸರ್ವಮಂಗಳ ತಡಮಾಡಿ ಬಂದಳು. "ಇವತ್ತು ನಿಮ್ಮ ತಟ್ಟಿನಲ್ಲಿ ಏನೋ ಕಮ್ಮಿ ಆಗಿದೆಯಲ್ಲಾ" ಎಂದಳು. ನಾನು ಮತ್ತೆ ಹೊರಗೆ ಹೋಗಿ ತಟ್ಟಿ ನೋಡಿದೆ. ಕತ್ತರಿ ಇರಲಿಲ್ಲ. ಅದು ಬುಡನ್ ಸಾಬರ ಕೈಯಲ್ಲೇ ಉಳಿದುಕೊಂಡಿತ್ತು.

ಆಮೇಲಿನದು ಬೇಗ ಬೇಗ ನಡೆಯಿತು. ನಾನು ಹೋದ ಕಡೆಯೆಲ್ಲ ಜನ ಹಲಗೆಗೆ ಕಿವಿಕೊಟ್ಟು ತಮಗೆ ಬೇಕಾದ್ದನ್ನು ಆರಿಸಿಕೊಂಡರು. ಮಡಿಸುವವರು ಇಬ್ಬರೂ ತಗಡಿನ ಕೊಡ ಮಾಡುವ ಅಂಗಡಿಗೆ ಹೋದರು. ಬೀಗದವನನ್ನು ಧರ್ಮಛತ್ರದವರು ಕರೆದುಕೊಂಡರು. ಮೊಳೆ ಬಡಿಯುತ್ತಿದ್ದ ಅಣ್ಣತಮ್ಮಂದಿರು ಒಟ್ಟಿಗೇ ಎತ್ತಿನ ಗಾಡಿ ಕಟ್ಟುವ ಒಂದು ಶೆಡ್ಡು ಸೇರಿದರು. ಪ್ರತಿ ಸಲವೂ ನಾನು, ಅದು ಇಂಥವನದು ಎಂದು ಹೆಸರು ಹೇಳಿ ಬರುತ್ತಿದ್ದೆ. ಪ್ರತಿ ಸಲವೂ ಮಾರನೆಯ ದಿನ ನನ್ನ ಕೈ ಒಂದಿಷ್ಟು ಹಗುರವಾಗುತ್ತಿತ್ತು. ಊರಿನಲ್ಲಿ ನನಗೆ ಹೊಸ ಹೆಸರು ಬಂತು. ಯಾರಿಗಾದರೂ ಆಳು ಬೇಕಾದರೆ, ಗಂಗಾಧರಯ್ಯನವರನ್ನು ಕರೆಸಿ ಹಲಗೆ ತಟ್ಟಿಸಿ ಎನ್ನುತ್ತಿದ್ದರು. ನಾನು ಕೆಲಸ ಕೇಳಲು ಬಂದಿದ್ದೇನೆ ಎಂದರೆ ನಗುತ್ತಿದ್ದರು, ಒಳ್ಳೆಯ ತಮಾಷೆ ಎಂಬ ಹಾಗೆ. ಸರ್ವಮಂಗಳ ಒಂದು ದಿನ ಅಂಗಳದಲ್ಲಿ ಅನ್ನ ತಿನ್ನುತ್ತಿದ್ದ ಕಾಗೆಯನ್ನು ತೋರಿಸಿ, "ಊರಿಗೆಲ್ಲ ಕೆಲಸ ಕೊಡಿಸಿದ್ರಿ. ಅದೊಂದು ಬಾಕಿ ಇದೆ ನೋಡಿ, ಬೆಳಿಗ್ಗೆಯಿಂದ ಸುಮ್ನೆ ಕೂತಿದೆ" ಎಂದಳು. ಇಬ್ಬರೂ ನಕ್ಕೆವು. ಮಧ್ಯೆ ಅವಳ ನಗು ನಿಂತಿತು. ಅವಳು ಆಗಲೇ ಎರಡು ಮನೆಗಳಿಗೆ ಹಪ್ಪಳ ಲಟ್ಟಿಸಿ ಕೊಡುತ್ತಿದ್ದಳು. ಬಾಗಿಲು ತಟ್ಟಿದರೆ ಅವಳ ಕೈಯಿಂದ ಲಟ್ಟಣಿಗೆಯ ಸದ್ದು ಬರಲು ಶುರುವಾಗಿತ್ತು.

ಕಾರ್ತಿಕ ಮುಗಿಯುವ ಹೊತ್ತಿಗೆ ನನ್ನ ಕೈಯಲ್ಲಿ ಉಳಿದದ್ದು ಒಂದೇ ಒಂದು ಸದ್ದು. ಕುಂಚದ್ದು. ಒಣಗಿದ ಎಲೆಯ ಮೇಲೆ ಗಾಳಿ ಹಾದುಹೋದ ಹಾಗೆ, ಕಿವಿಗೊಟ್ಟರೆ ಮಾತ್ರ ಕೇಳುವಂಥದು. ದ್ಯಾವಮ್ಮ ಎಲ್ಲೂ ಕೆಲಸಕ್ಕೆ ಸೇರಿರಲಿಲ್ಲ. ಮದುವೆ ಮನೆಗಳಲ್ಲಿ ಗೋಡೆಗೆ ಚಿತ್ರ ಬರೆದು ಹೇಗೋ ಹೊಟ್ಟೆ ಹೊರೆಯುತ್ತ, ವಾರಕ್ಕೊಮ್ಮೆ ನಮ್ಮ ಮನೆಗೆ ಬಂದು, "ಏನಣ್ಣ, ಯಾವಾಗ ಶುರು?" ಎಂದು ಕೇಳಿ ಹೋಗುತ್ತಿದ್ದಳು. ಅವಳು ತಟ್ಟಿದರೂ ಅದೇ ಸದ್ದು, ನಾನು ತಟ್ಟಿದರೂ ಅದೇ ಸದ್ದು. ಒಳಗಿದ್ದ ಸರ್ವಮಂಗಳಳಿಗೆ ಯಾರೆಂದು ತಿಳಿಯುತ್ತಿರಲಿಲ್ಲ. ವಾಮನರಾಯರು ಒಂದು ದಿನ ಬೇಲಿಯ ಆಚೆಯಿಂದ ನನ್ನನ್ನು ಕರೆದು, ಯಾರೂ ಕೇಳದ ಉಪದೇಶ ಕೊಟ್ಟರು. "ಈಗಲೇ ಕಲ್ತುಕೊಳ್ಳಿ ಗಂಗಾಧರಯ್ಯ. ಒಣ ಕೆಮ್ಮು ಕೆಮ್ಮಬೇಡಿ, ಕಾಯಿಲೆ ಮನುಷ್ಯ ಅಂತ ಒಳಗೇ ಕೂತುಬಿಡ್ತಾರೆ. ಕಫದ್ದೂ ಬೇಡ, ಅಸಹ್ಯ. ಭಾಷಣಕ್ಕೆ ಮುಂಚೆ ಗಂಟಲು ಸರಿ ಮಾಡ್ಕೋತಾರಲ್ಲ, ಹಂಗೆ. ಮರ್ಯಾದೆಯಾಗಿ. ಎರಡು ಸಲ. ಮೂರನೇ ಸಲ ಕೆಮ್ಮಿದ್ರೆ ಭಿಕ್ಷುಕ ಅಂದ್ಕೋತಾರೆ." ಅವರು ಕೆಮ್ಮಿ ತೋರಿಸಿದರು. ಒಳಗಿನಿಂದ ಅವರ ಹೆಂಡತಿ ಬಂದು ಬಾಗಿಲು ತೆಗೆದು, ಇಬ್ಬರನ್ನೂ ನೋಡಿ, ಮತ್ತೆ ಹಾಕಿಕೊಂಡರು.

ಇಷ್ಟರಲ್ಲಿ ಶಾಂತವೀರಪ್ಪನವರ ಗಿರಣಿಯಲ್ಲಿ ಎಣ್ಣೆ ಡಬ್ಬಗಳ ಮೇಲೆ ಗಿಣಿಯ ಗುರುತು ಬರೆಯಲು ಒಬ್ಬರು ಬೇಕೆಂದು ಸುದ್ದಿ ಬಂತು. ಸುದ್ದಿ ಕೇಳಿದ ಗಳಿಗೆಯಲ್ಲೇ ದ್ಯಾವಮ್ಮನಿಗೆ ಹೇಳಿಕಳಿಸಬೇಕಿತ್ತು. ನಾನು ಅಂಗಿ ಹಾಕಿಕೊಂಡು ನಾನೇ ಹೋದೆ. ದಾರಿಯಲ್ಲಿ ಈಶ್ವರನ ಗುಡಿ ಸಿಗುತ್ತದೆ. ಗುಡಿಯ ಬಾಗಿಲನ್ನು ನಮ್ಮಲ್ಲಿ ಯಾರೂ ತಟ್ಟುವುದಿಲ್ಲ. ಹೊಸ್ತಿಲಿಗೆ ಹಣೆ ಮುಟ್ಟಿಸಿ ಬರುತ್ತಾರೆ. ನಾನು ಅವತ್ತು ಹಣೆಯನ್ನೂ ಮುಟ್ಟಿಸದೆ ಕೈ ಮುಗಿದು ಮುಂದಕ್ಕೆ ಹೋದೆ. ಹಲಗೆ ತಟ್ಟಿದೆ. ಶಾಂತವೀರಪ್ಪನವರು ಕಣ್ಣು ಮುಚ್ಚಿ ಕೇಳಿದರು. ಅವರ ಮುಖ ಅರಳಿತು. "ಕುಂಚ! ಎಷ್ಟು ಚೊಕ್ಕವಾಗೈತೆ. ಅವತ್ತು ಜಾತ್ರೆ ಗದ್ದಲದಲ್ಲಿ ಕೇಳಿಸ್ಲೇ ಇಲ್ಲ ನೋಡಿ. ಅಂತೂ ನಿಮ್ಮದು ಯಾವುದು ಅಂತ ಗೊತ್ತಾಯ್ತಲ್ಲ." ಆರು ಜನರ ಹೆಸರು ಹೇಳಿದ್ದ ಬಾಯಿ ನನ್ನದು. ಏಳನೆಯ ಹೆಸರಿಗೆ ಅದು ತೆರೆಯಲಿಲ್ಲ. ತಿಳಿಯದೆ ಆದ ತಪ್ಪು ಎಂದು ನಾನು ಹೇಳುವುದಿಲ್ಲ. ತಿಳಿದೇ ಸುಮ್ಮನಿದ್ದೆ. ನನ್ನ ಕಣ್ಣ ಮುಂದೆ ಇದ್ದದ್ದು ವಾಮನರಾಯರ ಬಾಗಿಲು.

ಕೆಲಸ ಸಿಕ್ಕಿತೆಂದು ಸರ್ವಮಂಗಳ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಅತ್ತೆಯ ಪುಸ್ತಕವನ್ನು ಕೆಂಪು ವಸ್ತ್ರದಿಂದ ಬಿಚ್ಚಿ ಎರಡು ಪದ್ಯ ಓದಿದಳು. ಆ ಪುಸ್ತಕದ ವಿಷಯ ಇಲ್ಲಿ ಹೇಳಬೇಕು. ನಮ್ಮ ಅಮ್ಮ ಸಂಜೆಯ ಹೊತ್ತು ರಾಗವಾಗಿ ಪುರಾಣ ಓದುತ್ತಿದ್ದಳು. ಓಣಿಯ ಹೆಂಗಸರು ಬಂದು ಕೂರುವರು. ಅವರಿಗೆ ಮನೆಯ ಕೆಲಸ ನೆನಪಾಗಿ ಒಬ್ಬೊಬ್ಬರೇ ಎದ್ದು ಹೋಗುವರು. ಕೊನೆಗೆ ಕಂಬಕ್ಕೆ ಒರಗಿದ ನಾನೊಬ್ಬ ಉಳಿಯುತ್ತಿದ್ದೆ. ಅರ್ಥ ಅಷ್ಟಾಗಿ ಆಗುತ್ತಿರಲಿಲ್ಲ. ಆದರೂ ಏಳುವುದಕ್ಕೆ ಮನಸ್ಸಾಗುತ್ತಿರಲಿಲ್ಲ. ಒಮ್ಮೆ ತೂಕಡಿಸಿಬಿಟ್ಟೆ. ಅಮ್ಮ ನನಗೆ ಬೆನ್ನು ಮಾಡಿ ದೀಪದ ಕಡೆ ತಿರುಗಿ ಕೂತಿದ್ದವಳು ತಟ್ಟನೆ ಓದು ನಿಲ್ಲಿಸಿ, "ನಿದ್ದೆ ಬಂತಾ ಮಗ?" ಎಂದಳು. ಹೇಗೆ ಗೊತ್ತಾಯಿತೆಂದು ಕೇಳಿದ್ದಕ್ಕೆ, "ಓದೋಳಿಗೆ ಗೊತ್ತಾಗದೆ ಇರುತ್ತಾ? ಕೇಳೋರು ಇದ್ರೆ ಪದ್ಯ ತಾನಾಗೇ ನಡೀತದೆ. ಇಲ್ದಿದ್ರೆ ಗುಂಡುಕಲ್ಲು ತಳ್ಳಿದಂಗೆ ತಳ್ಬೇಕು" ಎಂದಿದ್ದಳು. ಅಮ್ಮನಿಂದ ಆ ಧಾಟಿಯನ್ನು ಕಲಿತವಳು ಸೊಸೆ. ನಾನು ಕೇಳಿದವನೇ ಹೊರತು ಒಂದು ಸಾಲನ್ನೂ ಹಾಡಿದವನಲ್ಲ.

ಗಿರಣಿಯಲ್ಲಿ ಕೂತು ಗಿಣಿ ಬರೆದೆ. ದ್ಯಾವಮ್ಮ ಒರೆಸಿ ಕೊಟ್ಟಿದ್ದ ಕುಂಚಗಳಲ್ಲೇ ಬರೆದೆ. ಅವಳು ಬರೆಯುವುದನ್ನು ಸಾವಿರ ಸಲ ನೋಡಿದ್ದೆ, ಅವಳಿಗೆ ಜ್ವರ ಬಂದಾಗ ಹತ್ತಾರು ಸಲ ಬಣ್ಣ ತುಂಬಿದ್ದೆ. ಆದರೂ ನನ್ನ ಗಿಣಿಗಳು ಕಾಗೆಯ ಹಾಗೆ ಕಾಣುತ್ತಿದ್ದವು. ಕೊಕ್ಕು ದಪ್ಪ, ಕುತ್ತಿಗೆ ಸೆಟೆದುಕೊಂಡದ್ದು, ಕಣ್ಣು ಎಲ್ಲೋ ತಲೆಯ ಮೇಲೆ. ಮೊದಲ ದಿನವೇ ಕೆಲಸ ಹೋಗುತ್ತದೆ ಎಂದು ಹೆದರಿದೆ. ಅದು ನಮ್ಮ ಊರಿನವರನ್ನು ನಾನು ಮರೆತು ಹೆದರಿದ್ದು. ಶಾಂತವೀರಪ್ಪನವರು ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿ, ಹುಬ್ಬು ಗಂಟಿಕ್ಕಿ, ಆಮೇಲೆ ಹಲಗೆಯ ಕಡೆ ಕಣ್ಣು ಹಾಯಿಸಿ, ಸಮಾಧಾನ ತಂದುಕೊಂಡು, "ಹೊಸ ನಮೂನೆ" ಎಂದರು. ಗುಮಾಸ್ತರು, "ಕೈಯಲ್ಲಿ ಅಂಥ ಸದ್ದು ಇದ್ದ ಮೇಲೆ ಕೇಳ್ಬೇಕಾ!" ಎಂದರು. ಡಬ್ಬ ಹೊರುವವರು ತಲೆದೂಗಿದರು. ಪೇಟೆಯಲ್ಲಿ ಎಣ್ಣೆ ಕೊಳ್ಳುವ ಜನ ಆ ಕಾಗೆಗಳನ್ನು ಹೊಗಳಿದರೆಂದು ಸುದ್ದಿ ಬಂತು. ಕಿವಿ ಒಪ್ಪಿದ್ದನ್ನು ಕಣ್ಣು ಅಲ್ಲಗಳೆಯುವುದು ನಮ್ಮ ಊರಿನಲ್ಲಿ ಇಲ್ಲ. ಒಂಬತ್ತು ದಿನ ನಾನು ಸುಖವಾಗಿದ್ದೆ ಎಂದು ಬರೆದರೆ ತಪ್ಪಾಗುತ್ತದೆ. ಆದರೆ ಒಂಬತ್ತು ಸಂಜೆ ನನ್ನ ಬಾಗಿಲನ್ನು ತಟ್ಟಿ ಒಳಗೆ ಹೋದೆ.

ಹತ್ತನೆಯ ದಿನ ಗಿರಣಿಗೆ ರಜೆ. ಅಂಗಳದ ಕಡೆಯ ಕೋಣೆಯಲ್ಲಿ ಕೂತು ಉಗುರಿನ ಸಂದಿಯ ಹಸಿರು ಬಣ್ಣ ಕೆರೆಯುತ್ತಿದ್ದೆ. ಬಾಗಿಲ ಹತ್ತಿರ ಯಾರೋ ಕೆಮ್ಮಿದರು. ವಾಮನರಾಯರ ಕೆಮ್ಮಲ್ಲ. ಹೇಗೆ ಕೆಮ್ಮಬೇಕೆಂದು ಇನ್ನೂ ತಿಳಿಯದವರ ಕೆಮ್ಮು, ಒಂದು ಸಲ ದೊಡ್ಡದು, ಒಂದು ಸಲ ಅರ್ಧಕ್ಕೇ ನಿಂತದ್ದು. ಸರ್ವಮಂಗಳ, "ಯಾರೋ ಹೊಸಬರು ಪಾಪ" ಎನ್ನುತ್ತ ತೆಗೆದಳು. ದ್ಯಾವಮ್ಮ ನಿಂತಿದ್ದಳು.

ಒಳಗೆ ಬಂದು ಗೋಡೆಗೆ ಒರಗಿ ಕೂತು ನೀರು ಕುಡಿದಳು. ನಗುತ್ತಲೇ ಹೇಳಿದಳು. "ಕೈಗೆ ಏನೋ ಆಗ್ಯದೆ ಅಕ್ಕ. ಸದ್ದೇ ಬರಾಕಿಲ್ಲ. ತೋಪಿನ ಬೀದೀಲಿ ಮದ್ವೆ ಮನೆ, ಗೋಡೆ ಬರ್ಕೊಡ್ತೀನಿ ಅಂದಿದ್ದೆ. ಹೋಗಿ ತಟ್ಟಿದ್ರೆ ಏನೂ ಇಲ್ಲ! ಕತ್ತಲೆ ಗೋಡೆ ಮುಟ್ಟಿದಂಗೆ. ಬಿಸಿಲು ನೆತ್ತಿಗೆ ಬರಗಂಟ ನಿಂತೆ. ಆಮೇಲೆ ಒಂದು ಮಗು ಬಾಗ್ಲು ತಗೀತು. ಅವರಮ್ಮ ನನ್ನ ನೋಡಿ ಒಳಿಕ್ಕೋಗಿ ಒಂದು ಹಿಡಿ ಅಕ್ಕಿ ತಂದು ಸೆರಗಿಗೆ ಹಾಕ್ಬುಟ್ಳು." ಸರ್ವಮಂಗಳ, "ಅಯ್ಯೋ! ನೀನು ಹೇಳಬಾರ್ದಾ, ನಾನು ಚಿತ್ರದೋಳು ಅಂತ?" ಎಂದಳು. "ಹೇಳೋದ್ರಲ್ಲಿ ಹಾಕಿ ಆಗಿತ್ತಲ್ಲಕ್ಕ. ಇಸ್ಕೊಂಡೆ. ಏನ್ ಮಾಡ್ಲಿ, ಸೆರಗು ಕೊಡವಿದ್ರೆ ಅಕ್ಕಿ ಚೆಲ್ತದೆ" ಎಂದು ದ್ಯಾವಮ್ಮ ಮತ್ತೆ ನಕ್ಕಳು. ನಾನು ಕೈಗಳನ್ನು ಪಂಚೆಯ ಮಡಿಕೆಯಲ್ಲಿ ಇಟ್ಟುಕೊಂಡು ಕೂತಿದ್ದೆ. ಅವಳು ಏಳುವಾಗ ನನ್ನ ಕಡೆ ನೋಡಿದಳು. ಮುಖವನ್ನಲ್ಲ, ಆ ಮಡಿಕೆಯನ್ನು. "ಗಿಣಿಗೆ ಮೊದ್ಲು ಮೂಗು ಬರೀಬಾರ್ದು ಅಣ್ಣ" ಎಂದಳು. "ಕಣ್ಣು ಮೊದ್ಲು. ಆಮೇಲೆ ಅದೇ ಹೇಳ್ತದೆ, ಮೂಗು ಎಲ್ಲಿ ಬರ್ಬೇಕು ಅಂತ. ಪೇಟೇಲಿ ಡಬ್ಬ ನೋಡ್ದೆ." ಅಷ್ಟೇ. ಬೈದಿದ್ದರೆ ಬಾಗಿಲವರೆಗೆ ಹೋಗಿ ಕಳಿಸಿಬರುತ್ತಿದ್ದೆ. ಏಳಲು ಆಗಲಿಲ್ಲ. ಸರ್ವಮಂಗಳ ಬಾಗಿಲು ಹಾಕಿ ಬಂದು ನನ್ನ ಎದುರಿಗೆ ಕೂತಳು. ಅವಳಿಗೆ ನಾನು ಏನೂ ಹೇಳಬೇಕಾಗಿ ಬರಲಿಲ್ಲ. "ನಾಳೆ ಎಷ್ಟು ಹೊತ್ತಿಗೆ ಹೋಗ್ತೀರಿ ಅವಳ ಮನೆಗೆ?" ಎಂದು ಮಾತ್ರ ಕೇಳಿದಳು. "ಬೆಳಗಾದ ಕೂಡಲೇ" ಎಂದೆ.

ದ್ಯಾವಮ್ಮ ಬರುವುದಕ್ಕೆ ಒಪ್ಪಲಿಲ್ಲ. "ನಿಮ್ಮ ಅನ್ನ ಕಿತ್ಕೊಂಡು ನಾನು ತಿನ್ಲಾ? ಬ್ಯಾಡ ನಡೀರಣ್ಣ" ಎಂದು ಕಸ ಗುಡಿಸತೊಡಗಿದಳು. ಇದು ನಿನ್ನ ಅನ್ನ, ಒಂಬತ್ತು ದಿನ ನಾನು ತಿಂದೆ ಎಂದೆ. ಅವಳು ಪೊರಕೆ ಇಟ್ಟು, ಸೆರಗು ಸರಿಮಾಡಿಕೊಂಡು, ನನ್ನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಡೆದು ಬಂದಳು. ಗಿರಣಿಯಲ್ಲಿ ಶಾಂತವೀರಪ್ಪನವರಿಗೆ ಎಲ್ಲವನ್ನೂ ಹೇಳಿದೆ. ಹೇಳುವುದು ಹೆಚ್ಚೇನೂ ಇರಲಿಲ್ಲ. "ಈ ಸದ್ದು ಇವಳದು. ಮೊದಲ ದಿನವೇ ಹೇಳಬೇಕಿತ್ತು, ಹೇಳಲಿಲ್ಲ. ಈ ಕೆಲಸ ನಾನು ಬಿಟ್ಟೆ" ಎಂದು ಕುಂಚಗಳನ್ನು ಮೇಜಿನ ಮೇಲೆ ಇಟ್ಟೆ. ಅವರು ನಂಬದೆ ಹಲಗೆಯನ್ನು ದ್ಯಾವಮ್ಮನ ಕಡೆ ತಳ್ಳಿದರು. ಅವಳು ಹೆದರಿ ಹೆದರಿ ಬೆರಳು ಮಡಿಸಿದಳು. ಮೊದಲ ತಟ್ಟಿಗೆ ಏನೂ ಇಲ್ಲ. ಎರಡನೆಯದಕ್ಕೆ ಏನೋ ಉಸಿರೆಳೆದಂತೆ ಆಯಿತು. ಮೂರನೆಯದಕ್ಕೆ ಕುಂಚ ಇಡೀ ಕೋಣೆಯನ್ನು ಸವರಿಕೊಂಡು ಹೋಯಿತು. ನನ್ನ ಕೈಯಲ್ಲಿ ಅದು ಎಂದೂ ಅಷ್ಟು ಉದ್ದವಾಗಿ ಕೇಳಿರಲಿಲ್ಲ. ಗುಮಾಸ್ತರು ಡಬ್ಬಗಳ ಕಡೆ ತಿರುಗಿ, "ಅದಕ್ಕೇ ನಾನು ಅವತ್ತೇ ಅಂದ್ಕೊಂಡೆ, ಇವು ಕಾಗೆ ಅಂತ" ಎಂದರು.

ಶಾಂತವೀರಪ್ಪನವರು ಒಳ್ಳೆಯವರು. ದ್ಯಾವಮ್ಮನನ್ನು ಒಳಗೆ ಕಳಿಸಿ, ಹಲಗೆಯನ್ನು ಮತ್ತೆ ನನ್ನ ಕಡೆ ತಳ್ಳಿದರು. "ಈಗ ತಟ್ಟಿ ಗಂಗಾಧರಯ್ಯನೋರೆ. ಎಲ್ಲರದೂ ಹೋಯ್ತಲ್ಲ, ಉಳಿದದ್ದು ನಿಮ್ಮದೇ ಇರ್ಬೇಕು. ಏನಿದ್ರೂ ಸರಿ, ಒಂದು ಜಾಗ ಮಾಡ್ತೀನಿ." ನನಗೂ ಆಸೆ ಹುಟ್ಟಿತು. ಏಳು ಸದ್ದುಗಳ ಅಡಿಯಲ್ಲಿ ಇಷ್ಟು ವರ್ಷ ನನ್ನದೊಂದು ಮುಚ್ಚಿಕೊಂಡಿರಬಹುದು, ಈಗ ಬರಬಹುದು. ಚೌಕಾಸಿಯದೋ, ಜಗಳ ಬಿಡಿಸಿದ್ದೋ, ಏನೋ ಒಂದು. ತಟ್ಟಿದೆ. ಗೆಣ್ಣು ಮರಕ್ಕೆ ತಾಗಿದ್ದು ಕೈಗೆ ಗೊತ್ತಾಯಿತು. ಕಿವಿಗೆ ಏನೂ ಬರಲಿಲ್ಲ. ಇನ್ನೆರಡು ಸಲ ತಟ್ಟಿದೆ. ಶಾಂತವೀರಪ್ಪನವರು ಕಣ್ಣು ಮುಚ್ಚಿಕೊಂಡೇ ಇದ್ದರು. ಗಾಣ ಒಂದು ಸುತ್ತು ಬಂದಿತು, ಎರಡು ಸುತ್ತು ಬಂದಿತು. ನನ್ನ ಮುಖ ನೋಡಬೇಕಾಗುತ್ತದೆಂದು ಅವರು ಕಣ್ಣು ತೆಗೆಯುತ್ತಿಲ್ಲ ಎಂದು ನನಗೆ ತಿಳಿಯಿತು. ಆಮೇಲೆ ಅವರು ಕಾಫಿ ತರಿಸಿದರು. ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದೆ.

ಸಂಜೆಯವರೆಗೆ ಎಲ್ಲೆಲ್ಲೋ ತಿರುಗಿದೆ. ಮನೆಯ ಮುಂದೆ ಬಂದು ನಿಂತಾಗ ದೀಪ ಹಚ್ಚುವ ಹೊತ್ತಾಗಿತ್ತು. ಪಕ್ಕದ ಮನೆಯಲ್ಲಿ ವಾಮನರಾಯರು ಮರ್ಯಾದೆಯಾಗಿ ಎರಡು ಸಲ ಕೆಮ್ಮಿ ಒಳಗೆ ಹೋದರು. ನಾನು ನನ್ನ ಬಾಗಿಲನ್ನು ತಟ್ಟಿದೆ. ನನ್ನ ಕೈಯಿಂದಲೇ ಚೌಕಟ್ಟು ಕೂರಿಸಿದ ಬಾಗಿಲು ಅದು. ಏನೂ ಇಲ್ಲ. ಗಂಟಲಿಗೆ ಕೆಮ್ಮು ಬಂದು ನಿಂತಿತು. ಸ್ವಂತ ಹೊಸ್ತಿಲಿನ ಆಚೆ ನಿಂತು ಕೆಮ್ಮಲು ಬಾಯಿ ಬರಲಿಲ್ಲ. ಒಳಗೆ ಸರ್ವಮಂಗಳ ಪುರಾಣ ಓದುತ್ತಿದ್ದಳು. ತಡವರಿಸುತ್ತ ತಡವರಿಸುತ್ತ, ಸಾಲಿನ ಮಧ್ಯೆ ನಿಂತು, ಹಿಂದಕ್ಕೆ ಹೋಗಿ, ಮತ್ತೆ ಎತ್ತಿಕೊಂಡು, ಗುಂಡುಕಲ್ಲು ತಳ್ಳಿದ ಹಾಗೆ ಓದುತ್ತಿದ್ದಳು. ನಾನು ಬಾಗಿಲಿಗೆ ಹಣೆ ಒರಗಿಸಿ ನಿಂತು ಕೇಳಿದೆ. ಕಂಬಕ್ಕೆ ಒರಗಿ ಕೂತ ಕಾಲದಲ್ಲಿ ಕೇಳಿದ ಹಾಗೇ ಕೇಳಿದೆ. ಇದು ಮುಗಿಯಲಿ, ಆಮೇಲೆ ನೋಡೋಣ ಎಂದುಕೊಂಡೆ. ಎರಡನೆಯ ಪದ್ಯಕ್ಕೆ ಅವಳ ದನಿ ಸಲೀಸಾಯಿತು. ಸಾಲುಗಳು ಒಂದರ ಹಿಂದೊಂದು ತಾವಾಗಿಯೇ ಬಂದವು. ಇದ್ದಕ್ಕಿದ್ದಂತೆ ಅವಳು ಓದು ನಿಲ್ಲಿಸಿದಳು. ಹೆಜ್ಜೆಯ ಸದ್ದು ಕೇಳಿತು. ಅಗುಳಿ ಸರಿಯಿತು.

"ಬಂದು ಎಷ್ಟು ಹೊತ್ತಾಯ್ತು?" ಎಂದಳು.

"ನಾನು ತಟ್ಟಿದೆ" ಎಂದೆ. ಅವಳು ನನ್ನ ಕೈ ನೋಡಿದಳು. ಕಾಲಿಗೆ ನೀರು ಕೊಟ್ಟಳು.

ಇದಾಗಿ ಮೂರು ವರ್ಷವಾಯಿತು. ದ್ಯಾವಮ್ಮನ ಗಿಣಿಗಳು ಊರ ತುಂಬ ಇವೆ. ಎಣ್ಣೆ ಮುಗಿದ ಡಬ್ಬವನ್ನೂ ಜನ ಎಸೆಯುವುದಿಲ್ಲ, ತುಳಸಿ ನೆಡುತ್ತಾರೆ. ನಾನು ಈಗಲೂ ಕೆಲಸ ಕೇಳಲು ಹೋಗುತ್ತೇನೆ. ಬೇರೆಯವರ ಬಾಗಿಲಲ್ಲಿ ಕೆಮ್ಮುತ್ತೇನೆ, ವಾಮನರಾಯರು ಕಲಿಸಿದ ಹಾಗೆ, ಎರಡು ಸಲ. ಮನೆಯ ಬಾಗಿಲಲ್ಲಿ ಒಂದು ದಿನವೂ ಕೆಮ್ಮಿಲ್ಲ. ಮೊದಲೆಲ್ಲ ಶ್ರಾವಣದಲ್ಲಿ, ಹಬ್ಬ ಹುಣ್ಣಿಮೆಗೆ ಮಾತ್ರ ಪುಸ್ತಕ ಬಿಚ್ಚುತ್ತಿದ್ದ ಸರ್ವಮಂಗಳ ಈಗ ದಿನವೂ ಸಂಜೆ ಹಪ್ಪಳದ ಹಲಗೆ ಎತ್ತಿಟ್ಟು ಕೈ ತೊಳೆದು ಓದಲು ಕೂರುತ್ತಾಳೆ. ನಾನು ಬಂದು ನಿಲ್ಲುವವರೆಗೂ ಓದುತ್ತಾಳೆ. ಕೆಲವು ದಿನ ಯಾರೋ ಇರಿ ಅನ್ನುತ್ತಾರೆ, ನಾಳೆ ಬನ್ನಿ ಅನ್ನುವುದನ್ನು ಹೇಳಲು ಸಂಜೆಯವರೆಗೆ ಕಾಯಿಸುತ್ತಾರೆ, ತಡವಾಗುತ್ತದೆ. ಅವತ್ತು ಓಣಿಯ ತುದಿಯಿಂದಲೇ ಅವಳ ದನಿ ಕೇಳುತ್ತದೆ. ಅವಳಿಗೀಗ ಗಂಟಲು ಬೇಗ ಕಟ್ಟುತ್ತದೆ. ಕಟ್ಟಿದ ಗಂಟಲಿನಲ್ಲೇ ಒಂದೊಂದು ಅಕ್ಷರವನ್ನು ತಳ್ಳಿಕೊಂಡು ಓದುತ್ತಿರುತ್ತಾಳೆ. ನಾನು ಚಪ್ಪಲಿ ಕೈಗೆತ್ತಿಕೊಂಡು ಬಿರಬಿರನೆ ನಡೆಯುತ್ತೇನೆ.